ಮನೆಮಂದಿಯೆಲ್ಲ ಕೂತು ನೋಡಬಹುದಾ? ಕಾಮಿಡಿ-ಡ್ರಾಮಾ ಸಿನಿಮಾವನ್ನು ಮೊದಲೇ ತೂಗಿ ನೋಡುವ ಬಗೆ

ಹೊಸ ಕನ್ನಡ ಸಿನಿಮಾ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: "ಮನೆಯವರ ಜೊತೆ ಕೂತು ನೋಡಬಹುದಾ?" ಮಚ್ಚು-ಲಾಂಗಿನ ಸಿನಿಮಾ ಬಗ್ಗೆ ಈ ಪ್ರಶ್ನೆ ಬರುವುದು ಕಡಿಮೆ, ಅದರ ಪೋಸ್ಟರೇ ಉತ್ತರ ಹೇಳಿಬಿಡುತ್ತದೆ. ಗೊಂದಲ ಹುಟ್ಟುವುದು ಕಾಮಿಡಿ-ಡ್ರಾಮಾಗಳ ವಿಷಯದಲ್ಲಿ. ಕಾಮಿಡಿ-ಡ್ರಾಮಾ ಎಂದರೆ ನಗಿಸುತ್ತಲೇ ಒಂದು ಗಂಭೀರ ಕಥೆಯನ್ನೂ ಹೇಳುವ ಸಿನಿಮಾ. ಮನೆಯೊಳಗಿನ ಜಗಳ, ಮದುವೆ, ಆಸ್ತಿ, ಕಾಯಿಲೆ, ಸಾವು ಎಲ್ಲವೂ ಅದರಲ್ಲಿ ಬರಬಹುದು. ಟ್ರೇಲರ್ ಮಾತ್ರ ನಗುವನ್ನಷ್ಟೇ ತೋರಿಸುತ್ತದೆ. ನಗಲು ಹೋದವರು ಇಂಟರ್ವಲ್ ಕಳೆದ ಮೇಲೆ ಮಗುವಿನ ಮುಖ ನೋಡಿ ಚಡಪಡಿಸುವುದು ಇದರಿಂದಲೇ.

ಟಿಕೆಟ್ ತೆಗೆಯುವ ಮುಂಚೆ, ಅಥವಾ ಓಟಿಟಿಯಲ್ಲಿ ಪ್ಲೇ ಒತ್ತುವ ಮುಂಚೆ, ಏನೇನು ನೋಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬೇಕಾಗುವುದು ಒಂದು ಫೋನು, ಅರ್ಧ ಗಂಟೆ ಬಿಡುವು, ನಿಮ್ಮ ಮನೆಯವರ ಬಗ್ಗೆ ನಿಮಗಿರುವ ತಿಳಿವಳಿಕೆ. ಈ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು ಕೊನೆಯದೇ.

1. ಯಾರು ಯಾರು ಕೂರುತ್ತೀರಿ ಎಂದು ಮೊದಲು ಬರೆದುಕೊಳ್ಳಿ

"ಫ್ಯಾಮಿಲಿ" ಎಂದರೆ ಎಲ್ಲರ ಮನೆಯಲ್ಲೂ ಒಂದೇ ಅಲ್ಲ. ಆರು ವರ್ಷದ ಮಗು, ಹದಿನಾಲ್ಕರ ಮಗಳು, ಎಂಬತ್ತರ ಅಜ್ಜಿ ಇರುವ ಮನೆ ಬೇರೆ, ಕಾಲೇಜು ಓದುವ ಮಕ್ಕಳು ಮತ್ತು ಅಪ್ಪ ಅಮ್ಮ ಮಾತ್ರ ಇರುವ ಮನೆ ಬೇರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಅತ್ತೆ-ಮಾವನ ಜೊತೆ ಕೂತು ನೋಡುವ ಸಿನಿಮಾ ಇನ್ನೂ ಬೇರೆ. ಹಾಗಾಗಿ ಸಿನಿಮಾ ಹುಡುಕುವ ಮುಂಚೆ ಕೂರುವವರ ಹೆಸರು ಬರೆಯಿರಿ. ಅತಿ ಚಿಕ್ಕವರ ವಯಸ್ಸು, ಅತಿ ಹಿರಿಯರ ಸ್ವಭಾವ, ಇತ್ತೀಚೆಗೆ ಮನೆಯಲ್ಲಿ ನಡೆದ ಸಾವು ಅಥವಾ ಆಸ್ಪತ್ರೆಯ ಓಡಾಟ, ಇವು ಮೂರೂ ಆ ಚೀಟಿಯಲ್ಲಿ ಇರಲಿ.

ಆಮೇಲೆ ಎರಡು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ: ಮುಜುಗರ ಮತ್ತು ಹಾನಿ. ತೆರೆಯ ಮೇಲೆ ಗಂಡ-ಹೆಂಡತಿ ಮುತ್ತಿಟ್ಟುಕೊಂಡರೆ ಅಪ್ಪ ಕೆಮ್ಮುತ್ತಾರೆ, ಅಮ್ಮ ಅಡುಗೆಮನೆಗೆ ಎದ್ದು ಹೋಗುತ್ತಾರೆ, ಮಕ್ಕಳು ಫೋನ್ ನೋಡುತ್ತಾರೆ. ಅದು ಮುಜುಗರ. ಒಂದು ನಿಮಿಷದಲ್ಲಿ ಕಳೆದುಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ತೊದಲುವ ಪಾತ್ರವೊಂದನ್ನು ಎರಡೂವರೆ ಗಂಟೆ ಗೇಲಿ ಮಾಡಿದರೆ ಮನೆಯವರೆಲ್ಲ ಹೊಟ್ಟೆ ತುಂಬ ನಗುತ್ತಾರೆ, ಯಾರಿಗೂ ಮುಜುಗರವಿಲ್ಲ. ಆದರೆ ಮಾರನೇ ದಿನ ಶಾಲೆಯಲ್ಲಿ ತೊದಲುವ ಗೆಳೆಯನನ್ನು ನಿಮ್ಮ ಮಗು ಅದೇ ದನಿಯಲ್ಲಿ ಅಣಕಿಸಿದರೆ ಅದು ಹಾನಿ. ನಮ್ಮಲ್ಲಿ ಬಹುತೇಕರು ಮುಜುಗರಕ್ಕೆ ಹೆದರಿ ಸಿನಿಮಾ ಬಿಡುತ್ತಾರೆ, ಹಾನಿಯನ್ನು ಗಮನಿಸುವುದೇ ಇಲ್ಲ. ಮುಂದಿನ ಎಲ್ಲ ಹಂತಗಳಲ್ಲೂ ಎದುರಾಗುವ ಪ್ರತಿಯೊಂದು ಸಂಗತಿಯನ್ನು ಈ ಎರಡರಲ್ಲಿ ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ.

2. ಪ್ರಮಾಣಪತ್ರ ಓದಿ, ಅದು ಏನು ಹೇಳುವುದಿಲ್ಲ ಎಂಬುದನ್ನೂ ತಿಳಿಯಿರಿ

ಥಿಯೇಟರಿಗೆ ಬರುವ ಪ್ರತಿ ಸಿನಿಮಾಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ನಾವೆಲ್ಲ ಸೆನ್ಸಾರ್ ಎನ್ನುವುದು ಇದನ್ನೇ. ಬೆಂಗಳೂರಿನಲ್ಲೂ ಇದರ ಪ್ರಾದೇಶಿಕ ಕಚೇರಿ ಇದೆ. ಸಿನಿಮಾ ಶುರುವಾಗುವ ಮುಂಚೆ ತೆರೆಯ ಮೇಲೆ ಬರುವ ಆ ಹಾಳೆಯಲ್ಲಿ ಸಿನಿಮಾದ ಅವಧಿ ಮತ್ತು ವರ್ಗ ಇರುತ್ತದೆ. ವರ್ಗಗಳು ಹೀಗಿವೆ:

ಯು – ಎಲ್ಲರೂ ನೋಡಬಹುದು.
ಯುಎ – ಎಲ್ಲರೂ ನೋಡಬಹುದು, ಆದರೆ ಮಕ್ಕಳ ವಿಷಯದಲ್ಲಿ ತಂದೆ ತಾಯಿ ಯೋಚಿಸಿ ನಿರ್ಧರಿಸಬೇಕು.
ಎ – 18 ತುಂಬಿದವರಿಗೆ ಮಾತ್ರ.
ಎಸ್ – ವೈದ್ಯರಂಥ ನಿರ್ದಿಷ್ಟ ವೃತ್ತಿಯವರಿಗೆ. ನಮಗೆ ಸಂಬಂಧಿಸಿದ್ದಲ್ಲ.

ಹಿಂದೆ ಯು/ಎ ಎಂದರೆ 12 ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆ ಎಂದಷ್ಟೇ ಅರ್ಥ. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಅದು ಯುಎ 7+, ಯುಎ 13+, ಯುಎ 16+ ಎಂದು ಮೂರಾಯಿತು. ಮನೆಯವರಿಗೆ ಇದರಿಂದ ನಿಜಕ್ಕೂ ಉಪಯೋಗವಾಗಿದೆ. ಏಳು ವರ್ಷದ ಮಗುವಿಗೂ ಹದಿನೈದರ ಹುಡುಗನಿಗೂ ಒಂದೇ ಮುದ್ರೆ ಒತ್ತುವ ಪದ್ಧತಿ ಹೋಯಿತು. ಬುಕ್‌ಮೈಶೋದಂಥ ಟಿಕೆಟ್ ಆ್ಯಪುಗಳಲ್ಲಿ ಸಿನಿಮಾದ ಹೆಸರಿನ ಕೆಳಗೇ ಅವಧಿಯ ಪಕ್ಕದಲ್ಲಿ ಈ ವರ್ಗ ಕಾಣುತ್ತದೆ.

ಎಚ್ಚರಿಕೆ: ಯುಎ ಪಕ್ಕದ ಸಂಖ್ಯೆ ನಿಮಗಾಗಿ ಇರುವ ಸೂಚನೆ. ಅದನ್ನು ಜಾರಿ ಮಾಡುವ ಅಧಿಕಾರ ಕಾಯ್ದೆಯ ಪ್ರಕಾರ ಪೋಷಕರನ್ನು ಬಿಟ್ಟು ಬೇರೆ ಯಾರಿಗೂ ಇಲ್ಲ. ಹತ್ತು ವರ್ಷದ ಮಗುವನ್ನು ಯುಎ 16+ ಸಿನಿಮಾಕ್ಕೆ ಕರೆದೊಯ್ದರೆ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. "ಒಳಗೆ ಬಿಟ್ಟರಲ್ಲ, ಹಾಗಾದರೆ ಪರವಾಗಿಲ್ಲ" ಎಂದುಕೊಳ್ಳಬೇಡಿ. ಎ ಸಿನಿಮಾದ ಮಾತು ಬೇರೆ. ಅಪ್ಪ ಅಮ್ಮ ಜೊತೆಗಿದ್ದರೂ ಹದಿನೇಳರ ಮಗನನ್ನು ಒಳಗೆ ಬಿಡುವ ಹಾಗಿಲ್ಲ. ಎಲ್ಲರಿಗೂ ಟಿಕೆಟ್ ತೆಗೆದು ಬಾಗಿಲಲ್ಲಿ ವಾಪಸು ಬರಬೇಕಾದೀತು.

ಪ್ರಮಾಣಪತ್ರ ವಯಸ್ಸನ್ನು ಹೇಳುತ್ತದೆ, ರುಚಿಯನ್ನು ಹೇಳುವುದಿಲ್ಲ. ದ್ವಂದ್ವಾರ್ಥದ ಮಾತು, ಅಂದರೆ ಮೇಲೆ ಒಂದು ಅರ್ಥ ಇಟ್ಟು ಒಳಗೆ ಇನ್ನೊಂದನ್ನು ತುರುಕುವ ಡಬಲ್ ಮೀನಿಂಗ್, ಯುಎ ಸಿನಿಮಾಗಳಲ್ಲಿ ಧಾರಾಳವಾಗಿ ಬರುತ್ತದೆ. ಬೈಗುಳಕ್ಕೆ ಮ್ಯೂಟ್ ಹಾಕಿದರೂ ತುಟಿ ಓದಿ ನಗುವ ಹದಿಹರೆಯದವರು ಪ್ರತಿ ಸಾಲಿನಲ್ಲೂ ಕೂತಿರುತ್ತಾರೆ. ಹಳೆಯ ಸಿನಿಮಾಗಳಲ್ಲಿ ಇನ್ನೊಂದು ತೊಡಕು ಇದೆ. ಯು/ಎ ವರ್ಗ ಬಂದದ್ದು 1983ರಲ್ಲಿ. ಅದಕ್ಕೂ ಮುಂಚೆ ಸಾಮಾನ್ಯ ಸಿನಿಮಾಕ್ಕೆ ಇದ್ದದ್ದು ಯು ಮತ್ತು ಎ ಎರಡೇ, ನಡುವಿನ ದಾರಿ ಇರಲಿಲ್ಲ. ಎಪ್ಪತ್ತರ ದಶಕದ ಯು ಸಿನಿಮಾ ಎಂದಾಕ್ಷಣ ಇಂದಿನ ಯು ಎಂದು ನಂಬಿ ಮಕ್ಕಳನ್ನು ಕೂರಿಸಬೇಡಿ. ಬಲಾತ್ಕಾರದ ಪ್ರಯತ್ನವನ್ನು ಕಥೆ ಮುಂದೂಡುವ ಸಾಧನವಾಗಿ ಬಳಸುವುದು ಆ ಕಾಲದ ಸಿನಿಮಾಗಳಲ್ಲಿ ಅಪರೂಪವಾಗಿರಲಿಲ್ಲ.

ಹೊರದೇಶದಲ್ಲಿರುವವರು ಭಾರತದ ಮುದ್ರೆಯನ್ನು ಬದಿಗಿಟ್ಟು ಅಲ್ಲಿನದನ್ನು ನೋಡಿ. ಬ್ರಿಟನ್ನಿನ ಥಿಯೇಟರುಗಳಲ್ಲಿ ಬಿಬಿಎಫ್‌ಸಿ ಎಂಬ ಸಂಸ್ಥೆಯ ವರ್ಗ ನಡೆಯುತ್ತದೆ. 12ಎ ಸಿನಿಮಾಕ್ಕೆ 12ರೊಳಗಿನ ಮಗುವನ್ನು ದೊಡ್ಡವರ ಜೊತೆ ಬಿಡುತ್ತಾರೆ, 15 ಎಂದಿದ್ದರೆ ದೊಡ್ಡವರಿದ್ದರೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಅಕ್ಕನ ಮಕ್ಕಳು ಆರಾಮಾಗಿ ನೋಡಿ ಬಂದ ಸಿನಿಮಾಕ್ಕೆ ಲಂಡನ್ನಿನಲ್ಲಿ ನಿಮ್ಮ ಮಕ್ಕಳಿಗೆ ಪ್ರವೇಶ ಸಿಗದೇ ಹೋಗಬಹುದು. ಅಮೆರಿಕದಲ್ಲಿ ಹಲವು ಭಾರತೀಯ ಸಿನಿಮಾಗಳು ಅಲ್ಲಿನ ಯಾವ ವರ್ಗವೂ ಇಲ್ಲದೆ ಬಿಡುಗಡೆಯಾಗುತ್ತವೆ. ಆಗ ನಿಮ್ಮ ಅಂದಾಜೇ ಗತಿ.

3. ನೀವು ನೋಡಲಿರುವುದು ಯಾವ ಪ್ರತಿ?

ಇದನ್ನು ಬಹಳ ಜನ ಮರೆಯುತ್ತಾರೆ. ಒಂದೇ ಸಿನಿಮಾ ಥಿಯೇಟರಿನಲ್ಲಿ ಒಂದು ಥರ, ಟಿವಿಯಲ್ಲಿ ಒಂದು ಥರ, ಓಟಿಟಿಯಲ್ಲಿ ಮತ್ತೊಂದು ಥರ ಇರಬಹುದು. ಎ ಸಿನಿಮಾವನ್ನು ಇದ್ದ ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಪ್ರಮಾಣಪತ್ರ ಪಡೆಯಬೇಕು. ಯುಎ ಸಿನಿಮಾದಲ್ಲೂ ಚಾನೆಲ್‌ನವರು ತಮ್ಮದೇ ಕತ್ತರಿ ಆಡಿಸುತ್ತಾರೆ. "ಹಬ್ಬದ ದಿನ ಟಿವಿಯಲ್ಲಿ ಬಂದಿತ್ತು, ಏನೂ ಇರಲಿಲ್ಲ" ಎಂದು ಅತ್ತೆ ಹೇಳಿದ ಸಿನಿಮಾವನ್ನೇ ಓಟಿಟಿಯಲ್ಲಿ ಹಾಕಿದಾಗ ಬೇರೆಯದೇ ಮಾತು ಕೇಳಿಸಬಹುದು.

ಓಟಿಟಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆಯಾ ಸಂಸ್ಥೆಯೇ ತನ್ನ ಸಿನಿಮಾಗಳಿಗೆ ಯು, ಯು/ಎ 7+, 13+, 16+, ಎ ಎಂದು ವರ್ಗ ಕೊಡಬೇಕು, ಜೊತೆಗೆ ಕಂಟೆಂಟ್ ಡಿಸ್ಕ್ರಿಪ್ಟರ್ ಹಾಕಬೇಕು. ಕಂಟೆಂಟ್ ಡಿಸ್ಕ್ರಿಪ್ಟರ್ ಎಂದರೆ ಆ ವರ್ಗ ಏಕೆ ಕೊಟ್ಟರು ಎಂದು ಎರಡು ಮೂರು ಪದಗಳಲ್ಲಿ ಹೇಳುವ ಸಾಲು. ಕೆಟ್ಟ ಭಾಷೆ, ಹಿಂಸೆ, ಮದ್ಯಪಾನ, ಆತ್ಮಹತ್ಯೆ, ಹೀಗೆ. ಸಿನಿಮಾ ಶುರುವಾದ ತಕ್ಷಣ ತೆರೆಯ ಮೂಲೆಯಲ್ಲಿ ಬಂದು ಮಾಯವಾಗುತ್ತದೆ. ಪ್ಲೇ ಒತ್ತುವ ಮುಂಚೆ ವಿವರಗಳ ಪುಟದಲ್ಲೇ ಓದಿಕೊಳ್ಳಿ. ನನ್ನ ಪ್ರಕಾರ ಸಂಖ್ಯೆಗಿಂತ ಈ ಸಾಲು ಹೆಚ್ಚು ಉಪಯೋಗಿ. 16+ ಎಂಬುದಕ್ಕೆ ಕಾರಣ ಬರೀ ಬೈಗುಳವಾದರೆ ನಿಮ್ಮ ಮನೆಗೆ ಅದು ಮುಜುಗರದ ಪಟ್ಟಿ. ಕಾರಣ ಆತ್ಮಹತ್ಯೆಯಾದರೆ ಎರಡು ಸಲ ಯೋಚಿಸಿ.

ಪೇರೆಂಟಲ್ ಲಾಕ್, ಅಂದರೆ ಪಿನ್ ಹಾಕದೆ ಕೆಲವು ಸಿನಿಮಾ ತೆರೆಯದಂತೆ ಮಾಡುವ ಬೀಗ, 13+ ಮತ್ತು ಅದಕ್ಕೆ ಮೇಲ್ಪಟ್ಟ ವರ್ಗಗಳಿಗೆ ಇರಲೇಬೇಕೆಂದು ಅದೇ ನಿಯಮ ಹೇಳುತ್ತದೆ. ನೆಟ್‌ಫ್ಲಿಕ್ಸಿನಲ್ಲಿ ಪ್ರೊಫೈಲಿಗೊಂದು ವಯಸ್ಸಿನ ಮಿತಿ ಇಡಬಹುದು, ಬೇಡವಾದ ಒಂದೊಂದು ಸಿನಿಮಾವನ್ನೂ ಹೆಸರು ಹಾಕಿ ಮುಚ್ಚಬಹುದು. ಬೀಗ ಹಾಕಿ ನಿಶ್ಚಿಂತೆಯಾಗಿ ಇದ್ದುಬಿಡಬೇಡಿ. ಮಕ್ಕಳ ಪ್ರೊಫೈಲ್ ಬಿಟ್ಟು ನಿಮ್ಮ ಪ್ರೊಫೈಲಿನಲ್ಲೇ ಎಲ್ಲರೂ ಕೂತು ನೋಡುವಾಗ ಆ ಬೀಗ ಕೆಲಸ ಮಾಡುವುದಿಲ್ಲ.

4. ಟ್ರೇಲರನ್ನು ಎರಡು ಸಲ ನೋಡಿ

ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಪೆನ್ನು ಹಿಡಿದು, ನಗು ತರಿಸಿದ ಪ್ರತಿ ಕ್ಷಣದಲ್ಲೂ ನಿಲ್ಲಿಸಿ "ಯಾರನ್ನು ನೋಡಿ ನಕ್ಕೆ?" ಎಂದು ಬರೆಯಿರಿ. ಟ್ರೇಲರಿಗೆ ಆರಿಸುವುದು ಸಿನಿಮಾದವರಿಗೆ ಅತ್ಯಂತ ನೆಚ್ಚಿಗೆಯಾದ ನಗೆತುಣುಕುಗಳನ್ನು. ಅಲ್ಲೇ ಮೂರು ಜೋಕು ಹೆಂಗಸರ ಮೈಕಟ್ಟಿನ ಮೇಲಿದ್ದರೆ ಸಿನಿಮಾದಲ್ಲಿ ಮೂವತ್ತು ಇರುತ್ತವೆ ಎಂದೇ ತಿಳಿಯಿರಿ. ಹಾಡುಗಳನ್ನೂ ಕೇಳಿ. ಬಾರಿನಲ್ಲಿ ಶುರುವಾಗುವ ಎಣ್ಣೆ ಹಾಡು ಇದ್ದರೆ ಅದರ ಸಾಹಿತ್ಯ ಓದಿ. ಕುಡಿತವನ್ನು ತೋರಿಸುವುದಕ್ಕೂ, ಹುಡುಗಿ ಕೈಕೊಟ್ಟ ನೋವಿಗೆ ಅದೇ ಮದ್ದು ಎನ್ನುವುದಕ್ಕೂ ದೊಡ್ಡ ಅಂತರವಿದೆ.

ಥಿಯೇಟರಿನಲ್ಲಿ ತೋರಿಸುವ ಟ್ರೇಲರಿಗೆ ಸೆನ್ಸಾರ್ ಆಗಿರುತ್ತದೆ, ಯೂಟ್ಯೂಬಿಗೆ ಮಾತ್ರ ಬಿಟ್ಟದ್ದಕ್ಕೆ ಆಗಿರಬೇಕೆಂದಿಲ್ಲ. ಎರಡಕ್ಕೂ ವ್ಯತ್ಯಾಸ ಕಂಡರೆ ಯೂಟ್ಯೂಬಿನದ್ದೇ ಸಿನಿಮಾದ ಮನಸ್ಸನ್ನು ಸರಿಯಾಗಿ ಹೇಳುತ್ತಿದೆ ಎಂದುಕೊಳ್ಳಿ.

5. ನಗು ಯಾರ ಮೇಲೆ ಬೀಳುತ್ತಿದೆ?

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕನ್ನಡದ ಹಾಸ್ಯಕ್ಕೆ ದೊಡ್ಡ ಪರಂಪರೆ ಇದೆ. ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ನಗಿಸಿದ ಮನೆಗಳು ಎಷ್ಟೋ. ಜೊತೆಜೊತೆಗೇ ಕಪ್ಪು ಬಣ್ಣ, ದಪ್ಪ ಮೈ, ಮೆಳ್ಳೆಗಣ್ಣು, ಉಗ್ಗು, ಕಿವುಡು, ಹೆಣ್ಣಿನಂತೆ ನಡೆಯುವ ಗಂಡು, ಮನೆಗೆಲಸದವಳು ಇವರನ್ನೆಲ್ಲ ತೆರೆಗೆ ತಂದು ನಿಲ್ಲಿಸಿದರೆ ಸಾಕು, ಜನ ನಗುತ್ತಾರೆ ಎಂಬ ಸೋಮಾರಿ ಅಭ್ಯಾಸವೂ ಬೆಳೆಯಿತು. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಪಾತ್ರವನ್ನು ಕರೆತಂದು, ಅವರನ್ನು ಕಂಡು ನಾಯಕ ಓಡಿಹೋಗುವುದನ್ನೇ ಕಾಮಿಡಿ ಎನ್ನುವ ಸಿನಿಮಾಗಳು ಯುಎ ಮುದ್ರೆಯೊಂದಿಗೇ ಬರುತ್ತವೆ.

ಹೀಗೆ ಪರೀಕ್ಷಿಸಿ. ಜೋಕು ಮುಗಿದ ಮೇಲೆ ಕ್ಯಾಮೆರಾ ಯಾರ ಕಡೆ ಇರುತ್ತದೆ? ನಗುವವರ ಕಡೆಯೋ, ನಗೆಗೀಡಾದವನ ಕಡೆಯೋ? 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿ ಅವರ "ಒಂದು ಮೊಟ್ಟೆಯ ಕಥೆ" ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಾಯಕ ಜನಾರ್ದನ ಮಂಗಳೂರಿನ ಕನ್ನಡ ಉಪನ್ಯಾಸಕ, ತಲೆ ಬೋಳು, ಹೆಣ್ಣು ಸಿಗುತ್ತಿಲ್ಲ. ಸಿನಿಮಾದ ತುಂಬ ಬೋಳುತಲೆಯ ಜೋಕುಗಳೇ. ಆದರೆ ಜೋಕು ಬಿದ್ದಾಗ ನಾವು ಇರುವುದು ಅವನ ಪಕ್ಕದಲ್ಲಿ, ಅವನ ಮುಖ ನೋಡುತ್ತಾ. ಮುಂದೆ ಹೋಗಿ, ತನ್ನ ತಲೆಯ ಬಗ್ಗೆ ಇಷ್ಟು ನೊಂದ ಅವನೇ ಇನ್ನೊಬ್ಬಳ ಮೈಕಟ್ಟನ್ನು ಅಳೆಯುತ್ತಾನೆ, ಸಿನಿಮಾ ಅದನ್ನು ಬಿಡದೆ ತೋರಿಸುತ್ತದೆ. ತರಗತಿಯಲ್ಲಿ ಅಡ್ಡಹೆಸರಿನಿಂದ ನೊಂದ ಮಗು ನಿಮ್ಮ ಮನೆಯಲ್ಲಿದ್ದರೆ, ಜೋಕುಗಳನ್ನು ಎಣಿಸಿ ಹೆದರಿ ಇಂಥ ಸಿನಿಮಾ ತಪ್ಪಿಸಬೇಡಿ. ಜೊತೆಗೆ ಕೂತು ನೋಡಿ.

ಬೈಗುಳದ ಬಗ್ಗೆಯೂ ಇದೇ ಮಾತು. ಮಂಡ್ಯ ಸೀಮೆಯ ಸಿನಿಮಾದಲ್ಲಿ "ನನ್ ಮಗ" ಎಂಬುದು ಪ್ರೀತಿಯಲ್ಲೂ ಬರುತ್ತದೆ, ಸಿಟ್ಟಿನಲ್ಲೂ ಬರುತ್ತದೆ. ಉತ್ತರ ಕರ್ನಾಟಕದ ಗೆಳೆಯರ "ಲೇ ಮಗನ" ಕೇಳಿ ಬೆಂಗಳೂರಿನ ಅಮ್ಮನಿಗೆ ಗಾಬರಿಯಾಗಬಹುದು, ಆದರೆ ಅವರ ನಡುವೆ ಅದು ಬರೀ ಸಲಿಗೆ. ಆಡುಮಾತಿನ ಒರಟುತನವನ್ನು ಮುಜುಗರದ ಪಟ್ಟಿಗೆ ಹಾಕಿ. ತಾಯಿಯನ್ನೋ ಜಾತಿಯನ್ನೋ ಎಳೆದು ತಂದು ಒಬ್ಬನನ್ನು ಕೆಳಗೆ ತಳ್ಳುವ ಮಾತನ್ನು ಹಾನಿಯ ಪಟ್ಟಿಗೆ ಹಾಕಿ.

ಓಟಿಟಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುವ ಮನೆಗಳಿಗೆ, ಅದರಲ್ಲೂ ಹೊರನಾಡಿನವರಿಗೆ, ಒಂದು ವಿಷಯ: ಮಾತಿನಲ್ಲಿ ಹಗುರವಾಗಿ ತೇಲಿಹೋದ ಬೈಗುಳ ಕೆಳಗೆ ಅಕ್ಷರದಲ್ಲಿ ಭಾರಿ ಇಂಗ್ಲಿಷ್ ಪದವಾಗಿ ನಿಂತಿರುತ್ತದೆ. ಕನ್ನಡ ಸರಿಯಾಗಿ ಬಾರದ ಮೊಮ್ಮಕ್ಕಳು ಓದುವುದು ಅದನ್ನೇ. ಕೆಲವೊಮ್ಮೆ ಉಲ್ಟಾ ಆಗುತ್ತದೆ, ಅಜ್ಜನಿಗೆ ಕಸಿವಿಸಿಯಾದ ದ್ವಂದ್ವಾರ್ಥ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

6. ಇಂಟರ್ವಲ್ ಆದ ಮೇಲೆ ಕಥೆ ಎಲ್ಲಿಗೆ ತಿರುಗುತ್ತದೆ?

ಕಾಮಿಡಿ-ಡ್ರಾಮಾದಲ್ಲಿ ಡ್ರಾಮಾ ಕೂತಿರುವುದು ಹೆಚ್ಚಾಗಿ ಸೆಕೆಂಡ್ ಹಾಫ್‌ನಲ್ಲಿ. ಅಲ್ಲಿ ಏನು ಬರುತ್ತದೆ ಎಂದು ಮೊದಲೇ ತಿಳಿಯುವುದರಿಂದ ಕಥೆಯ ಸ್ವಾರಸ್ಯ ಸ್ವಲ್ಪ ಕಡಿಮೆಯಾಗಬಹುದು. ಮಕ್ಕಳಿಗಾಗಿ ಅಷ್ಟನ್ನು ಬಿಟ್ಟುಕೊಡಿ.

2016ರ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ನೆನಪಿಸಿಕೊಳ್ಳಿ. ಹೇಮಂತ್ ರಾವ್ ನಿರ್ದೇಶನದ, ಅನಂತ್ ನಾಗ್ ಅಭಿನಯದ ಸಿನಿಮಾ. ಆಲ್ಜೈಮರ್ಸ್ ಇರುವ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ. ಇಷ್ಟು ಕೇಳಿದರೆ ಮನೆಮಂದಿಯೆಲ್ಲ ನೋಡುವ ಕಥೆ ಎನ್ನುತ್ತೀರಿ, ಅದು ನಿಜವೂ ಹೌದು. ಆದರೆ ಅದರೊಳಗೇ ಕೊಲೆ ಮಾಡಿ ಅಡಗಲು ಜಾಗ ಹುಡುಕುವವರ ಇನ್ನೊಂದು ಎಳೆ ಇದೆ. ಅಪ್ಪನ ಕಥೆಗೆ ಕೂತ ಎಂಟು ವರ್ಷದ ಮಗುವಿಗೆ ಆ ಎಳೆ ಭಯ ತರಿಸಬಹುದು. ಇನ್ನೊಂದು ಕಡೆ, ಮರೆವಿನ ಕಾಯಿಲೆಯಿಂದ ಬಳಲುವ ಅಜ್ಜನೇ ಮನೆಯಲ್ಲಿದ್ದರೆ ಅವರೆದುರು ಇದನ್ನು ಹಾಕುವ ಮುಂಚೆ ಅವರನ್ನು ನೋಡಿಕೊಳ್ಳುತ್ತಿರುವವರನ್ನು ಒಂದು ಮಾತು ಕೇಳಿ. ಸಿನಿಮಾ ಒಳ್ಳೆಯದು ಎಂಬುದಕ್ಕೂ, ಇವತ್ತು ಈ ಮನೆಗೆ ಹೊಂದುತ್ತದೆ ಎಂಬುದಕ್ಕೂ ಸಂಬಂಧವಿಲ್ಲ.

ಸೆಕೆಂಡ್ ಹಾಫ್ ಬಗ್ಗೆ ವಿಚಾರಿಸುವಾಗ ಇವಿಷ್ಟನ್ನು ಹೆಸರು ಹಿಡಿದೇ ಕೇಳಿ: ತಾಯಿ ಅಥವಾ ತಂದೆಯ ಸಾವು, ಮಗುವಿನ ಸಾವು, ಆತ್ಮಹತ್ಯೆಯ ಯತ್ನ, ಗರ್ಭಪಾತ, ಹೆಂಡತಿಗೆ ಹೊಡೆಯುವುದು, ಸಾಕುಪ್ರಾಣಿಯ ಸಾವು. ಕೊನೆಯದನ್ನು ಹಗುರವಾಗಿ ತಳ್ಳಬೇಡಿ, ಮನುಷ್ಯರು ಸತ್ತಾಗ ಅಳದ ಮಕ್ಕಳು ನಾಯಿ ಸತ್ತಾಗ ರಾತ್ರಿಯಿಡೀ ಅಳುತ್ತಾರೆ. ಆತ್ಮಹತ್ಯೆಯ ಯತ್ನವನ್ನು ತಮಾಷೆಯಾಗಿ ತೋರಿಸುವ ಅಭ್ಯಾಸವೂ ನಮ್ಮಲ್ಲಿದೆ. ಸಾಲಗಾರ ಹಗ್ಗ ಹಿಡಿದು ಮರ ಹತ್ತಿದರೆ ಕೊಂಬೆ ಮುರಿದು ಬೀಳುವ ಥರದ ದೃಶ್ಯಗಳು. ಹದಿಹರೆಯದವರಿರುವ ಮನೆಯಲ್ಲಿ ಅಂಥದನ್ನು ನಾನು ಹಾನಿಯ ಪಟ್ಟಿಯ ಮೊದಲ ಸಾಲಿನಲ್ಲಿ ಇಡುತ್ತೇನೆ.

ಪ್ರಶಸ್ತಿ ನೋಡಿ ತೀರ್ಮಾನಿಸುವುದು ಇನ್ನೊಂದು ಹಳ್ಳ. ರಾಮ್ ರೆಡ್ಡಿ ಅವರ "ತಿಥಿ" ಸಿನಿಮಾ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿತು, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ನಟಿಸಿದ, ನೂರೊಂದು ವರ್ಷದ ಸೆಂಚುರಿ ಗೌಡನ ತಿಥಿಯ ಸುತ್ತ ನಡೆಯುವ, ನಕ್ಕು ನಕ್ಕು ಸುಸ್ತಾಗಿಸುವ ಕಥೆ. ಕುಡಿತ, ಬೈಗುಳ, ಹರೆಯದ ಹುಡುಗನ ಹಂಬಲ ಎಲ್ಲವೂ ಮುಚ್ಚುಮರೆಯಿಲ್ಲದೆ ಇವೆ. ಗಡ್ಡಪ್ಪ ಕುರಿಗಾಹಿಗಳ ಮುಂದೆ ಹೇಳಿಕೊಳ್ಳುವ ತನ್ನ ಬದುಕಿನ ಕಥೆ ಚಿಕ್ಕವರಿಗೆ ಅರ್ಥವಾಗುವಂಥದ್ದಲ್ಲ, ದೊಡ್ಡವರನ್ನು ಅಲುಗಾಡಿಸುವಂಥದ್ದು. ಹದಿನಾರು ದಾಟಿದ ಮಕ್ಕಳ ಜೊತೆ ಖಂಡಿತ ನೋಡಿ. ಅದಕ್ಕಿಂತ ಚಿಕ್ಕವರನ್ನು ಬಿಟ್ಟು ನೋಡಿ.

ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರೀಯ ಪ್ರಶಸ್ತಿ ಪಡೆದ, ರಿಷಬ್ ಶೆಟ್ಟಿ ನಿರ್ದೇಶನದ 2018ರ ಕಾಸರಗೋಡು ಶಾಲೆಯ ಸಿನಿಮಾದಲ್ಲೂ ಶಾಲಾ ಹುಡುಗನ ಮೊದಲ ಒಲವಿನ ಎಳೆ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಮಕ್ಕಳ ಚಿತ್ರ ಎಂಬ ಹಣೆಪಟ್ಟಿ ನೋಡಿ ಅಪ್ಪ ಅಮ್ಮ ಎದ್ದು ಹೋಗದೆ ಜೊತೆಗೆ ಕೂರಬೇಕು ಎನ್ನಲು ಹೇಳಿದೆ.

7. "ಚೆನ್ನಾಗಿದೆಯಾ?" ಎಂದು ಕೇಳಬೇಡಿ

ನೋಡಿ ಬಂದ ಗೆಳೆಯರನ್ನು "ಸಿನಿಮಾ ಹೇಗಿದೆ?" ಎಂದರೆ "ಸೂಪರ್, ಫ್ಯಾಮಿಲಿ ಜೊತೆ ಹೋಗಿ" ಎನ್ನುತ್ತಾರೆ. ಅವರು ಹೋಗಿದ್ದದ್ದು ಆಫೀಸಿನವರ ಜೊತೆ ಇರಬಹುದು. ಬದಲಿಗೆ ಹೀಗೆ ಕೇಳಿ: ನಿಮ್ಮ ಜೊತೆ ಯಾರು ಯಾರು ಬಂದಿದ್ದರು? ಅವರ ಮಕ್ಕಳ ವಯಸ್ಸೆಷ್ಟು? ಯಾವ ದೃಶ್ಯದಲ್ಲಿ ಮಕ್ಕಳು ಪ್ರಶ್ನೆ ಕೇಳಿದರು? ಎಲ್ಲಾದರೂ ಅಮ್ಮ ಮುಖ ತಿರುಗಿಸಿದರಾ? ಅತ್ತದ್ದು ಯಾವಾಗ? ಈ ಐದಕ್ಕೆ ಸಿಗುವ ಉತ್ತರ ಯಾವ ಸ್ಟಾರ್ ರೇಟಿಂಗಿಗಿಂತಲೂ ಮೇಲು.

ಐಎಂಡಿಬಿ ಜಾಲತಾಣದಲ್ಲಿ ಪ್ರತಿ ಸಿನಿಮಾದ ಪುಟದಲ್ಲೂ ಪೇರೆಂಟ್ಸ್ ಗೈಡ್ ಎಂಬ ವಿಭಾಗವಿದೆ. ಕಾಮ ಮತ್ತು ನಗ್ನತೆ, ಹಿಂಸೆ, ಬೈಗುಳ, ಮದ್ಯ-ಮಾದಕವಸ್ತು-ಧೂಮಪಾನ, ಭಯ ಹುಟ್ಟಿಸುವ ದೃಶ್ಯ ಎಂದು ಐದು ತಲೆಬರಹಗಳಲ್ಲಿ ನೋಡುಗರೇ ಬರೆದಿರುತ್ತಾರೆ. ದೊಡ್ಡ ಹಿಂದಿ ಸಿನಿಮಾಗಳಿಗೆ ಇದು ಚೆನ್ನಾಗಿ ತುಂಬಿರುತ್ತದೆ. ಸಣ್ಣ ಕನ್ನಡ ಸಿನಿಮಾಗಳ ಪುಟ ಬಹಳ ಸಲ ಖಾಲಿ. ಖಾಲಿ ಇದ್ದರೆ "ಏನೂ ಇಲ್ಲ" ಎಂದು ಓದಬೇಡಿ, ಯಾರೂ ಬರೆದಿಲ್ಲ ಎಂದಷ್ಟೇ ಅದರ ಅರ್ಥ.

ಬಿಡುಗಡೆಯ ದಿನವೇ ಬರುವ ಹೊಗಳಿಕೆಯನ್ನು ನಂಬಿ ಮನೆಮಂದಿಗೆಲ್ಲ ಟಿಕೆಟ್ ತೆಗೆಯುವುದು ಬೇಡ. ಭಾನುವಾರದವರೆಗೆ ಕಾಯಿರಿ. ಶನಿವಾರ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದವರ ಮಾತು ಆ ಹೊತ್ತಿಗೆ ಸಿಗುತ್ತದೆ.

8. ಓಟಿಟಿಯಲ್ಲಾದರೆ ಮೂರು ಕಡೆ ಇಣುಕಿ ನೋಡಿ

ಪೂರ್ತಿ ನೋಡಲು ಸಮಯವಿಲ್ಲದಿದ್ದರೆ ಮೊದಲ ಹದಿನೈದು ನಿಮಿಷ, ನಡುಮಧ್ಯದ ಹತ್ತು ನಿಮಿಷ, ಕೊನೆಗೆ ಅರ್ಧ ಗಂಟೆ ಬಾಕಿ ಇರುವಲ್ಲಿಂದ ಹತ್ತು ನಿಮಿಷ ನೋಡಿ. ಮೊದಲ ಭಾಗದಲ್ಲಿ ಮಾತಿನ ಮಟ್ಟ ಗೊತ್ತಾಗುತ್ತದೆ. ನಡುವಿನಲ್ಲಿ, ಅಂದರೆ ಇಂಟರ್ವಲ್ ಬರುವ ಜಾಗದಲ್ಲಿ, ತಿರುವು ಸಿಗುತ್ತದೆ. ಕೊನೆಯ ಭಾಗದಲ್ಲಿ ದುಃಖದ ತೂಕ ಎಷ್ಟೆಂದು ತಿಳಿಯುತ್ತದೆ. ದನಿ ಮುಚ್ಚಿ ನೋಡಬೇಡಿ, ಕಾಮಿಡಿ-ಡ್ರಾಮಾದ ತೊಂದರೆಯೆಲ್ಲ ಇರುವುದು ಮಾತಿನಲ್ಲೇ.

9. ಥಿಯೇಟರಾದರೆ

ಅವಧಿ ನೋಡಿ. ಎರಡೂಮುಕ್ಕಾಲು ಗಂಟೆಯ ಸಿನಿಮಾಕ್ಕೆ ಐದು ವರ್ಷದ ಮಗುವನ್ನು ರಾತ್ರಿ ಆಟಕ್ಕೆ ಕರೆದೊಯ್ದರೆ ಸಿನಿಮಾ ಎಷ್ಟೇ ಚೊಕ್ಕವಾಗಿದ್ದರೂ ನೀವು ನೋಡುವುದಿಲ್ಲ. ಬೆಳಗಿನ ಅಥವಾ ಮಧ್ಯಾಹ್ನದ ಆಟ ಆರಿಸಿ. ಹೊರಗೆ ಹೋಗಲು ಸುಲಭವಾಗುವಂತೆ ದಾರಿಯ ಬದಿಯ ಸೀಟು ತೆಗೆಯಿರಿ. ಶಬ್ದಕ್ಕೆ ಬೆಚ್ಚುವ ಮಕ್ಕಳಿದ್ದರೆ ಹಿಂದಿನ ಸಾಲು ಒಳ್ಳೆಯದು. ಹಿರಿಯರಿಗೆ ಮೆಟ್ಟಿಲು ಎಷ್ಟು ಎಂಬುದನ್ನೂ ಟಿಕೆಟ್ ತೆಗೆಯುವಾಗಲೇ ಯೋಚಿಸಿ.

10. ಎಲ್ಲ ನೋಡಿಯೂ ತಪ್ಪಿದರೆ

ಒಮ್ಮೊಮ್ಮೆ ಎಷ್ಟು ವಿಚಾರಿಸಿದ್ದರೂ ಬೇಡದ ದೃಶ್ಯ ಎದುರಾಗುತ್ತದೆ. ಆಗ ಮಗುವಿನ ಕಣ್ಣು ಮುಚ್ಚಬೇಡಿ. ಮುಚ್ಚಿದಷ್ಟೂ ಕುತೂಹಲ ಹೆಚ್ಚುತ್ತದೆ, ಕಿವಿ ಹೇಗೂ ತೆರೆದೇ ಇರುತ್ತದೆ. ಮುಜುಗರದ ದೃಶ್ಯವಾದರೆ ಸುಮ್ಮನೆ ಇರಿ, ತಾನೇ ಕಳೆಯುತ್ತದೆ. ದೊಡ್ಡವರು ಗಡಿಬಿಡಿಯಿಂದ ರಿಮೋಟಿಗೆ ಕೈ ಚಾಚಿದಾಗಲೇ ಮಕ್ಕಳಿಗೆ ಅದರಲ್ಲಿ ಏನೋ ಇದೆ ಎಂದು ಗೊತ್ತಾಗುವುದು.

ಹಾನಿಯ ದೃಶ್ಯವಾದರೆ ನಿಲ್ಲಿಸಿ, ನಿಲ್ಲಿಸಿದ್ದೇಕೆ ಎಂದು ಹೇಳಿ. "ಅವರು ಆ ಅಣ್ಣನ ಮಾತನ್ನು ಅಣಕಿಸಿದರಲ್ಲ, ನನಗೆ ಅದು ನಗು ತರಿಸಲಿಲ್ಲ. ನಿನಗೆ?" ಎಂದಷ್ಟು ಸಾಕು, ಭಾಷಣ ಬೇಡ. ಥಿಯೇಟರಿನಲ್ಲಿ ಮಗು ಹೆದರಿದರೆ ಯಾರಾದರೂ ಒಬ್ಬರು ಕರೆದುಕೊಂಡು ಹೊರಗೆ ಬನ್ನಿ. ಕೊಟ್ಟ ದುಡ್ಡಿಗಾಗಿ ಕೂರಿಸಿಕೊಳ್ಳಬೇಡಿ. ಹೊರಗೆ ಬಂದ ಮೇಲೆ "ಅಯ್ಯೋ, ಬರೀ ಸಿನಿಮಾ" ಎಂದು ತಳ್ಳಿಹಾಕದೆ, ಆ ಪಾತ್ರಕ್ಕೆ ಮುಂದೆ ಏನಾಗುತ್ತದೆ ಎಂದು ಹೇಳಿ. ಅರ್ಧಕ್ಕೆ ನಿಂತ ಕಥೆ ಮಕ್ಕಳನ್ನು ಪೂರ್ತಿ ಕಥೆಗಿಂತ ಹೆಚ್ಚು ಕಾಡುತ್ತದೆ.

ಹಿರಿಯರ ವಿಷಯದಲ್ಲೂ ಇಷ್ಟೇ ಕಾಳಜಿ ಇರಲಿ. ಗಂಡನನ್ನು ಇತ್ತೀಚೆಗೆ ಕಳೆದುಕೊಂಡ ಅತ್ತೆಯ ಪಕ್ಕದಲ್ಲಿ ಆಸ್ಪತ್ರೆಯ ದೃಶ್ಯ ಬಂದರೆ "ನೀರು ಬೇಕಾ ಅಮ್ಮ?" ಎಂದು ಕೇಳಿ ಎಬ್ಬಿಸಿಕೊಂಡು ಹೋಗಲು ಒಬ್ಬರು ಸಿದ್ಧರಿರಿ. ಅವರು ಕೂತೇ ಅಳಲು ಬಯಸಿದರೆ ಬಿಡಿ.

ಸಿನಿಮಾ ನೋಡಿ ಬಂದ ಮೇಲೆ ನಿಮ್ಮದೂ ಒಂದು ಕೆಲಸ ಬಾಕಿ ಇದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ "ಸೂಪರ್ ಫ್ಯಾಮಿಲಿ ಮೂವಿ" ಎಂದು ಬರೆದು ಬಿಡಬೇಡಿ. ಹೀಗೆ ಬರೆಯಿರಿ: "ಬಾರ್ ಸೀನ್ ಎರಡಿವೆ, ಬೈಗುಳ ಸ್ವಲ್ಪ ಇದೆ. ಇಂಟರ್ವಲ್ ಆಗಿ ಅರ್ಧ ಗಂಟೆಗೆ ಅಪ್ಪನ ಪಾತ್ರ ಸಾಯುತ್ತದೆ, ಆ ಭಾಗ ಭಾರ. ಹತ್ತು ವರ್ಷದ ಮಗಳು ಅತ್ತಳು, ಆಮೇಲೆ ಸರಿಹೋದಳು. ದಪ್ಪಗಿರುವ ಸ್ನೇಹಿತನನ್ನು ಗೇಲಿ ಮಾಡುವ ಜೋಕು ನನಗೆ ಹಿಡಿಸಲಿಲ್ಲ."